ಸುಣ್ಣಕ್ಕೆ ಸೋತ ಮೀನು, ಅರಿಶಿನ ಆಗದ ವೀರ

ಭೂಮಿಯನ್ನು ಆಳಲು ನಕ್ಷತ್ರಲೋಕದಿಂದ ಬಂದ ಒಂಟಿಕಣ್ಣಿನ ಮೀನೊಂದು ಸುಣ್ಣಕ್ಕೆ ಸೋತ ಕಥೆ 1960ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ‘ದಿ ಬ್ರೇವ್ ಆ್ಯಂಡ್ ದಿ ಬೋಲ್ಡ್’ ಪತ್ರಿಕೆಯ 28ನೇ ಸಂಚಿಕೆ, ಫೆಬ್ರುವರಿ–ಮಾರ್ಚ್ ತಿಂಗಳದ್ದು, ಬೆಲೆ 10 ಸೆಂಟ್. ಕಥೆ ಗಾರ್ಡನರ್ ಫಾಕ್ಸ್ ಅವರದು, ಚಿತ್ರ ಮೈಕ್ ಸೆಕೌಸ್ಕಿ ಅವರದು. ‘ಜಸ್ಟಿಸ್ ಲೀಗ್ ಆಫ್ ಅಮೆರಿಕ’ ಎಂಬ ವೀರರ ತಂಡ ಮೊದಲ ಸಲ ಕಾಣಿಸಿಕೊಂಡದ್ದು ಇದರಲ್ಲೇ. ಮುಖಪುಟದಲ್ಲಿ ದೈತ್ಯ ನಕ್ಷತ್ರಮೀನನ್ನು ಐದು ಜನ ಮುತ್ತಿದ್ದಾರೆ: ಫ್ಲ್ಯಾಶ್, ಗ್ರೀನ್ ಲ್ಯಾಂಟರ್ನ್, ಅಕ್ವಾಮ್ಯಾನ್, ವಂಡರ್ ವುಮನ್ ಮತ್ತು ಮಂಗಳ ಗ್ರಹದವನಾದ ಮಾರ್ಷಿಯನ್ ಮ್ಯಾನ್‌ಹಂಟರ್. ಈ ತಂಡದ ಮಾರಾಟ ಕಂಡು ಎದುರಾಳಿ ಕಂಪನಿ ಮಾರ್ವೆಲ್ ಮರುವರ್ಷವೇ ‘ಫೆಂಟಾಸ್ಟಿಕ್ ಫೋರ್’ ಹೊರಡಿಸಿತು. ಈಗ ಥಿಯೇಟರಿನಲ್ಲಿ ನೋಡುವ ವೀರರ ಗುಂಪುಗಳ ವಂಶಾವಳಿ ಹಿಡಿದು ಹಿಂದೆ ಹೋದರೆ ದಾರಿ ಈ ಮೀನಿನ ಹತ್ತಿರ ಹಾದೇ ಹೋಗುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಒಂದು ಪ್ರತಿಗೆ ಸಂಗ್ರಾಹಕರು ಲಕ್ಷಗಟ್ಟಲೆ ಕೊಡುತ್ತಾರೆ.

ಕಥೆಯಾಗಿ ಇದು ಅಂಥ ದೊಡ್ಡದೇನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮಾತುಗಳು ಕಟ್ಟಿಗೆಯಂತಿವೆ, ಚಿತ್ರದಲ್ಲಿ ಯಾರ ಮುಖದಲ್ಲೂ ಗಾಬರಿ ಕಾಣುವುದಿಲ್ಲ. ಆದರೆ ಓದುಗರನ್ನು ಕೆಣಕುವ ಗುಣ ಅದಕ್ಕಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನೆಂಟರ ಹುಡುಗನೊಬ್ಬ ಇದರ ಮರುಮುದ್ರಣವನ್ನು ಬೇಸಿಗೆ ರಜೆಗೆ ತುರುವೇಕೆರೆ ತಾಲ್ಲೂಕಿನ ತೋಟದ ಮನೆಗೆ ತಂದಿದ್ದ. ಜಗಲಿಯ ಮೇಲೆ ಕೂತು ಪುಟಪುಟ ತಿರುವುತ್ತಾ ಕನ್ನಡದಲ್ಲಿ ಹೇಳುತ್ತಾ ಹೋದ. ಕೇಳುತ್ತಿದ್ದವರು ಎಂಟನೇ ಕ್ಲಾಸಿನ ಒಬ್ಬ ಹುಡುಗ, ಅವನ ತಂಗಿ, ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡ ಅಜ್ಜಿ, ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಮಾವ, ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಇಬ್ಬರು.

ಮೊದಲ ತಕರಾರು ತಂಗಿಯದು. “ಇದು ಮೀನಾ? ಕೈ ಐದೈತಲ್ಲ.” ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಎರಡನೆಯದು ಬಂತು. “ಹೆಂಗಸು ಒಬ್ಳೇನಾ?” ಒಬ್ಬಳೇ. ಅದೂ ಪುಣ್ಯ ಅನ್ನಬೇಕು. ಇದಕ್ಕೂ ಹಿಂದೆ ‘ಜಸ್ಟಿಸ್ ಸೊಸೈಟಿ’ ಎಂಬ ತಂಡವಿತ್ತು. 1940ರ ಚಳಿಗಾಲದ ‘ಆಲ್ ಸ್ಟಾರ್ ಕಾಮಿಕ್ಸ್’ 3ನೇ ಸಂಚಿಕೆಯಲ್ಲಿ ಶುರುವಾದ ಅದನ್ನೂ ಬರೆದವರು ಇದೇ ಫಾಕ್ಸ್. ಎರಡು ವರ್ಷದ ಮೇಲೆ ವಂಡರ್ ವುಮನ್ ಅದಕ್ಕೆ ಸೇರಿದಾಗ ಸಿಕ್ಕ ಹುದ್ದೆ ಕಾರ್ಯದರ್ಶಿಯದು. ಗಂಡಸರು ಯುದ್ಧಕ್ಕೆ ಹೊರಟರೆ ಇವಳು ಉಳಿದು ವರದಿ ಬರೆಯಬೇಕು. ಇದನ್ನು ಹೇಳಿದಾಗ ಹುಡುಗಿ ಮುಖ ಸಿಂಡರಿಸಿದಳು, ಅಜ್ಜಿಗೆ ಮಾತ್ರ ಏನೂ ಅನ್ನಿಸಲಿಲ್ಲ.

ಅಜ್ಜಿಯ ಗಮನ ಹಸಿರು ಉಂಗುರದವನ ಮೇಲಿತ್ತು. ಗ್ರೀನ್ ಲ್ಯಾಂಟರ್ನ್ ಬೆರಳಲ್ಲಿರುವ ಉಂಗುರ ಮನಸ್ಸಿಗೆ ಬಂದದ್ದನ್ನೆಲ್ಲ ಮಾಡಬಲ್ಲದು. ಆದರೆ ಹಳದಿ ಬಣ್ಣದ ವಸ್ತುವಿನ ಮುಂದೆ ಅದರ ಆಟ ನಡೆಯುವುದಿಲ್ಲ. “ಅರಿಶ್ಣ ಕಂಡ್ರೆ ಆಗಲ್ವಾ ಅವನಿಗೆ?” ಎಂದು ಅಜ್ಜಿ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡರು. “ಹಂಗಾದ್ರೆ ನಮ್ಮೂರಲ್ಲಿ ಒಂದು ಮದುವೆ ಮನೆಗೂ ಬರಂಗಿಲ್ಲ, ಒಂದು ಗುಡಿಗೂ ಹೋಗಂಗಿಲ್ಲ. ಎಂಥಾ ಬಾಳಪ್ಪ ಅವಂದು.” ಈ ವೀರನ ಬಗ್ಗೆ ನಾನು ಓದಿರುವ ವಿಮರ್ಶೆಗಳಲ್ಲಿ ಇಷ್ಟು ಮರುಕ ಎಲ್ಲೂ ಇರಲಿಲ್ಲ.

ಕಾಯಿ ಸುಲಿಯುವವರಿಗೆ ಹಿಡಿಸಿದ್ದು ಅಕ್ವಾಮ್ಯಾನ್. ಆ ಕಾಲದ ಕಥೆಗಳಲ್ಲಿ ಒಂದು ಗಂಟೆ ನೀರಿಲ್ಲದಿದ್ದರೆ ಅವನು ಬದುಕುವುದಿಲ್ಲ. “ಹೇಮಾವತಿ ನಾಲೆ ಕೊನೇ ಭಾಗದೋನು ಅನ್ನು” ಎಂದ ಒಬ್ಬ, ಮಚ್ಚನ್ನು ಕೆಳಗಿಡದೆ. ಇನ್ನೊಬ್ಬನ ಪ್ರಶ್ನೆ ಖಾರವಾಗಿತ್ತು. “ದೊಡ್ಡೋನು ಎಲ್ಲಿ? ಆ ಕೆಂಪು ಬಟ್ಟೆ ಹೊದ್ದು ಹಾರೋನು?” ಸೂಪರ್‌ಮ್ಯಾನ್ ತಂಡದಲ್ಲಿದ್ದಾನೆ, ಬ್ಯಾಟ್‌ಮ್ಯಾನ್ ಕೂಡ ಇದ್ದಾನೆ. ಆದರೆ ಒಬ್ಬ ಉಲ್ಕೆಗಳನ್ನು ತಡೆಯುವುದರಲ್ಲಿ, ಇನ್ನೊಬ್ಬ ಕಳ್ಳರನ್ನು ಹಿಡಿಯುವುದರಲ್ಲಿ ಮುಳುಗಿರುವುದರಿಂದ ಇಬ್ಬರೂ ಹೆಸರಿಗಷ್ಟೆ. ಮುಖಪುಟದಲ್ಲೂ ಅವರಿಲ್ಲ. ಒಳಗಿನ ಕಾರಣ ಬೇರೆ. ಅವರಿಬ್ಬರ ಪತ್ರಿಕೆಗಳಿಗೆ ಬೇರೆ ಸಂಪಾದಕರಿದ್ದರು, ತಮ್ಮ ವೀರರನ್ನು ಇನ್ನೊಬ್ಬರ ಪುಸ್ತಕದಲ್ಲಿ ಸವೆಸುವುದು ಅವರಿಗೆ ಇಷ್ಟವಿರಲಿಲ್ಲ. ಜಗಲಿಯಲ್ಲಿ ಯಾರಿಗೂ ಈ ಕಾರಣ ಒಪ್ಪಿಗೆಯಾಗಲಿಲ್ಲ. “ಹೆಸರು ಹಾಕ್ಸಿಕೊಂಡು ಕೆಲಸಕ್ಕೆ ಬರ್ದೆ ಇರೋರು ಎಲ್ಲಾ ಸೊಸೈಟೀಲೂ ಇರ್ತಾರೆ” ಎಂದು ತೀರ್ಪಾಯಿತು.

ಕಥೆಯ ನಡುಭಾಗದಲ್ಲಿ ಮೀನು ಮೂರು ಮರಿದೂತರನ್ನು ಸೃಷ್ಟಿಸಿ ಮೂರು ಕಡೆಗೆ ಕಳಿಸುತ್ತದೆ. ತಂಡವೂ ಒಡೆದು ಹೋಗುತ್ತದೆ. ಆಕಾಶದಲ್ಲಿ ಅಣುಬಾಂಬ್ ಕದಿಯುವ ದೂತನ ಹಿಂದೆ ಗ್ರೀನ್ ಲ್ಯಾಂಟರ್ನ್, ವಿಜ್ಞಾನಿಗಳ ಬುದ್ಧಿ ಹೀರುವವನ ಮೇಲೆ ವಂಡರ್ ವುಮನ್ ಮತ್ತು ಮಂಗಳದವನು, ಊರಿಗೆ ಊರನ್ನೇ ವಶ ಮಾಡಿಕೊಳ್ಳುವವನ ಮೇಲೆ ಫ್ಲ್ಯಾಶ್. ಕೊನೆಗೆ ಎಲ್ಲರೂ ಕೂಡಿ ದೊಡ್ಡ ಮೀನಿನ ಮೇಲೆ. ಈ ಭಾಗ ಬಂದಾಗ ಅಷ್ಟು ಹೊತ್ತೂ ಮೊಬೈಲ್ ನೋಡುತ್ತಿದ್ದ ಕೊಬ್ಬರಿ ಮಾವ ಬಾಯಿ ಬಿಟ್ಟರು. “ಬರ್ದೋನು ಜಾಣ. ಎಲ್ಲಾರ್ಗೂ ಒಂದೊಂದು ಪಾಲು ಹಂಚವ್ನೆ. ಇಲ್ದಿದ್ರೆ ಜಗಳ ಆಗ್ತಿತ್ತು.”

ಆ ಮಾತು ಸುಮ್ಮನೆ ಬಂದದ್ದಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮನೆ ಒಡೆದರೆ ತೋಟ ಅಳೆಯುವುದಕ್ಕಿಂತ ಮರ ಎಣಿಸುವುದು ಹೆಚ್ಚು. ಫಲ ಬಿಡುವ ಮರ ಯಾರಿಗೆ, ಗೊಡ್ಡು ಯಾರಿಗೆ, ಬೋರ್‌ವೆಲ್ ಪಕ್ಕದ ಸಾಲು ಯಾರಿಗೆ ಎಂದು ಪಂಚಾಯ್ತಿ ಕೂರುತ್ತದೆ. ಅಣ್ಣತಮ್ಮಂದಿರ ತಂಡ ಎಂದರೆ ಇಲ್ಲಿನವರ ಕಣ್ಣು ಹೋಗುವುದು ಶಕ್ತಿಯ ಮೇಲಲ್ಲ, ಹಂಚಿಕೆಯ ಮೇಲೆ. ಯಾರಿಗೆ ಎಷ್ಟು ಪುಟ ಸಿಕ್ಕಿತು, ಯಾರು ಕೆಲಸ ಮಾಡದೆ ಪಾಲು ತಗೊಂಡರು ಎಂಬುದೇ ವಿಮರ್ಶೆ. ಒಡೆದು, ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ ಕೊಟ್ಟು, ಕೊನೆಗೆ ಕೂಡಿಸುವ ಈ ಉಪಾಯವನ್ನು ಫಾಕ್ಸ್ 1940ರ ದಶಕದಲ್ಲೇ ರೂಢಿಸಿಕೊಂಡಿದ್ದರು. ಅಮೆರಿಕದ ಬರಹಗಳಲ್ಲಿ ಇದನ್ನು ಸವೆದ ಸೂತ್ರ ಎಂದು ಮೂಗು ಮುರಿಯುವವರೂ ಇದ್ದಾರೆ. ನಮ್ಮ ಜಗಲಿಯಲ್ಲಿ ಅದಕ್ಕೆ ನ್ಯಾಯ ಎಂದು ಹೆಸರು ಬಂತು.

ಇನ್ನು ಸುಣ್ಣ. ಫ್ಲ್ಯಾಶ್ ಹೋದ ಊರಲ್ಲಿ ಎಲ್ಲರೂ ಮೀನಿನ ವಶವಾಗಿ ಗೊಂಬೆಗಳಂತೆ ನಿಂತಿದ್ದರೆ, ಸ್ನ್ಯಾಪರ್ ಕಾರ್ ಎಂಬ ಹುಡುಗನೊಬ್ಬ ಮಾತ್ರ ಬೆರಳಲ್ಲಿ ಚಿಟಿಕೆ ಹಾಕುತ್ತಾ ಆರಾಮಾಗಿರುತ್ತಾನೆ. ಯಾಕೆಂದರೆ ಅವನು ಮನೆ ಮುಂದಿನ ಹುಲ್ಲಿಗೆ ಸುಣ್ಣ ಹಾಕುತ್ತಿದ್ದ, ಮೈಗೆಲ್ಲ ಸುಣ್ಣ ಮೆತ್ತಿತ್ತು. ಗುಟ್ಟು ತಿಳಿದ ಮೇಲೆ ತಂಡದವರು ಮೀನಿಗೂ ಸುಣ್ಣ ಬಳಿದು ಗಟ್ಟಿ ಮಾಡಿ ಕೂರಿಸುತ್ತಾರೆ. ಇದು ಬರಿ ಕಲ್ಪನೆಯಲ್ಲ. ಅಮೆರಿಕದ ಕರಾವಳಿಯಲ್ಲಿ ಸಿಂಪಿ ಬೆಳೆಯುವವರು ನಕ್ಷತ್ರಮೀನಿನ ಕಾಟಕ್ಕೆ ಸುಟ್ಟ ಸುಣ್ಣ ಚೆಲ್ಲುತ್ತಿದ್ದದ್ದು ನಿಜ. ಅಜ್ಜಿ ಡಬ್ಬಿಯಿಂದ ಒಂದಿಷ್ಟು ಸುಣ್ಣ ಬೆರಳಿಗೆ ತಗೊಂಡು ಎಲೆಗೆ ಸವರಿದರು. “ನನ್ನ ಹತ್ರ ಬಂದಿದ್ರೆ ಅರ್ಧ ಗಂಟೆ ಮುಂಚೇನೇ ಮುಗೀತಿತ್ತು.” ಆ ಚಿಟಿಕೆ ಹುಡುಗನಿಗೆ ತಂಡದಲ್ಲಿ ಗೌರವ ಸದಸ್ಯತ್ವ ಸಿಗುತ್ತದೆ. ಅಮೆರಿಕದ ಓದುಗರಲ್ಲಿ ಅವನನ್ನು ಸಹಿಸದವರೇ ಜಾಸ್ತಿ. ಮಾವ ಮಾತ್ರ ಅವನನ್ನು ಥಟ್ಟನೆ ಗುರುತಿಸಿದರು. “ಇವ್ನು ನಮ್ಮ ನರಸಿಂಹರಾಜು ಕಣಪ್ಪ. ರಾಜ್‌ಕುಮಾರ್ ಪಕ್ಕದಾಗೆ ಒಬ್ಬ ಬೇಕಲ್ಲ.” ನರಸಿಂಹರಾಜು ಹುಟ್ಟಿದ್ದು ತಿಪಟೂರಿನಲ್ಲಿ, 1923ರಲ್ಲಿ. ಈ ಸೀಮೆಯವರಿಗೆ ಆ ಪಾತ್ರದ ಬೆಲೆ ಗೊತ್ತು.

ಕಾಯಿ ಸುಲಿಯುವವನೊಬ್ಬ ಸುಣ್ಣದ ಮಾತನ್ನು ತೋಟಕ್ಕೆ ಎಳೆದ. ಕಪ್ಪುತಲೆ ಹುಳಕ್ಕೆ ಇಂಥದ್ದೇನಾದರೂ ಇದ್ದಿದ್ದರೆ ಅಂತ. ಗರಿಯ ಹಸಿರನ್ನೆಲ್ಲ ಕೆರೆದು ತೋಟಕ್ಕೆ ಬೆಂಕಿ ಬಿದ್ದಂತೆ ಮಾಡುವ ಹುಳ ಅದು. ಅದಕ್ಕೂ ಒಂದು ದಂಡು ಇದೆ ಎಂದು ಎಂಟನೇ ಕ್ಲಾಸಿನವನು ನೆನಪಿಸಿದ. ಗೋನಿಯೋಜಸ್ ಎಂಬ ಇರುವೆಗಿಂತ ಸಣ್ಣ ಪರೋಪಜೀವಿ ಕಣಜ. ಹುಳವನ್ನು ಕುಟುಕಿ ನಿಶ್ಚೇಷ್ಟಗೊಳಿಸಿ ಅದರ ಮೈಮೇಲೇ ಮೊಟ್ಟೆ ಇಡುತ್ತದೆ. ಸೀಸೆಯಲ್ಲಿ ತಂದು ತೋಟದಲ್ಲಿ ಬಿಡುತ್ತಾರೆ. ತಿಪಟೂರು ಪಕ್ಕದ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದ ಹೆಸರು ಇಂಥ ಮಾತಿನಲ್ಲಿ ಬರದೆ ಇರುವುದಿಲ್ಲ. ಅಲ್ಲಿಗೆ ಕಾಮಿಕ್ಸ್ ಐದು ನಿಮಿಷ ಮರೆತೇ ಹೋಯಿತು.

ಇದೆಲ್ಲ ಬಾಯಿಮಾತಿನ ಪ್ರತಿಕ್ರಿಯೆ. ಅಮೆರಿಕದಲ್ಲಿ ಇದು ಕಾಗದಕ್ಕೆ ಇಳಿದಿತ್ತು, ಅದರಿಂದ ಕಥೆಯ ದಿಕ್ಕೇ ಬದಲಾಯಿತು. ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ವಾಚಕರ ಪತ್ರಗಳನ್ನು ಬರೆದವರ ಪೂರ್ತಿ ವಿಳಾಸದ ಸಮೇತ ಅಚ್ಚು ಹಾಕಿಸುತ್ತಿದ್ದರು. ಓದುಗರು ಸಂಪಾದಕರನ್ನು ಬಿಟ್ಟು ಒಬ್ಬರಿಗೊಬ್ಬರು ಬರೆದುಕೊಳ್ಳತೊಡಗಿದರು. ಜೆರ‍್ರಿ ಬೇಲ್ಸ್ ಎಂಬ ಮೇಷ್ಟರು ರಾಯ್ ಥಾಮಸ್ ಎಂಬ ಕಿರಿಯ ಗೆಳೆಯನನ್ನು ಕೂಡಿಕೊಂಡು 1961ರಲ್ಲಿ ‘ಆಲ್ಟರ್ ಈಗೋ’ ಎಂಬ ಅಭಿಮಾನಿ ಪತ್ರಿಕೆ ತೆಗೆದರು. ಹಳೆಯ ಜಸ್ಟಿಸ್ ಸೊಸೈಟಿಯನ್ನು ಮತ್ತೆ ತನ್ನಿ ಎಂದು ಪತ್ರಗಳ ಮೇಲೆ ಪತ್ರ ಹೋದವು. 1963ರಲ್ಲಿ ‘ಜಸ್ಟಿಸ್ ಲೀಗ್’ನ 21 ಮತ್ತು 22ನೇ ಸಂಚಿಕೆಗಳಲ್ಲಿ ಹಳೆ ತಂಡ ಹೊಸ ತಂಡ ಎದುರುಬದುರಾದವು. ಆ ರಾಯ್ ಥಾಮಸ್ ಮುಂದೆ ಎದುರಾಳಿ ಕಂಪನಿ ಮಾರ್ವೆಲ್‌ಗೆ ಪ್ರಧಾನ ಸಂಪಾದಕರಾದರು. ಮಾರ್ವೆಲ್‌ನ ಸ್ಟ್ಯಾನ್ ಲೀ ತಪ್ಪು ಹುಡುಕಿ ಅದಕ್ಕೆ ಸಮಜಾಯಿಷಿಯನ್ನೂ ತಾವೇ ಬರೆದು ಕಳಿಸುವ ಓದುಗರಿಗೆ ಬಹುಮಾನ ಎಂದು ಖಾಲಿ ಲಕೋಟೆ ಅಂಚೆಗೆ ಹಾಕುತ್ತಿದ್ದರು. ಜನ ಆ ಖಾಲಿ ಲಕೋಟೆಗಳನ್ನೂ ಜೋಪಾನ ಮಾಡಿಟ್ಟುಕೊಂಡರು.

ಕನ್ನಡದ ಕಾಮಿಕ್ಸ್ ಓದುಗರು ಇಂಥ ಪತ್ರ ಚಳವಳಿ ಮಾಡಿದವರಲ್ಲ. ಆದರೂ ಒಂದು ಸಲ ಅವರ ಪ್ರತಿಕ್ರಿಯೆ ದೇಶದ ಕಾಮಿಕ್ಸ್ ಚರಿತ್ರೆಯನ್ನೇ ತಿರುಗಿಸಿದೆ. ಪತ್ರದಿಂದಲ್ಲ, ಕೊಳ್ಳುವುದರಿಂದ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಮಾರಾಟಗಾರರಾಗಿದ್ದ ಜಿ.ಕೆ. ಅನಂತರಾಮ್ 1965ರಲ್ಲಿ ಸಿಂಡರೆಲ್ಲಾದಂಥ ಪಶ್ಚಿಮದ ಕಥೆಗಳನ್ನು ಕನ್ನಡಕ್ಕೆ ತಂದು ಅಮರ ಚಿತ್ರ ಕಥೆ ಎಂಬ ಹೆಸರಲ್ಲಿ ಹತ್ತು ಪುಸ್ತಕ ಹೊರಡಿಸಿದರು. ಅವು ಖರ್ಚಾದ ರೀತಿ ನೋಡಿಯೇ ಮುಂಬೈ ಕಚೇರಿ ಈ ದಾರಿ ಹಿಡಿಯಿತು ಎಂಬುದು ಅವರ ಮಾತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಸಂಪಾದಕರಾಗಿ ಬಂದು ಪುರಾಣದ ಕಡೆ ತಿರುಗಿಸಿದ ಮೇಲೆ ಆ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ‘ಕೃಷ್ಣ’ ಪುಸ್ತಕಕ್ಕೆ 11ನೇ ನಂಬರು ಬಂದದ್ದು ಮೊದಲ ಹತ್ತು ಈ ಸಿಂಡರೆಲ್ಲಾ ಬಳಗದ ಪಾಲಾಗಿದ್ದರಿಂದ. ಶ್ರೇಯಸ್ಸು ಯಾರದು ಎಂಬ ವಾದ ಇನ್ನೂ ಇದೆ. ನನ್ನ ಕೇಳಿದರೆ ಬೆಂಗಳೂರಿನ ಹತ್ತು ಪುಸ್ತಕಗಳಿಗೆ ಸಲ್ಲಬೇಕಾದ ಪಾಲು ಪೂರ್ತಿ ಸಂದಿಲ್ಲ.

ಪೈ ಅದಕ್ಕೂ ಮುಂಚೆ ಕೆಲಸ ಮಾಡಿದ್ದು ಇಂದ್ರಜಾಲ ಕಾಮಿಕ್ಸ್‌ನಲ್ಲಿ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಫ್ಯಾಂಟಮ್ ಕಥೆಯೊಂದಿಗೆ ಶುರು ಮಾಡಿದ ಈ ಮಾಲೆ 1990ರವರೆಗೆ ನಡೆಯಿತು, ಕನ್ನಡದಲ್ಲೂ ಬಂತು. ಇಲ್ಲಿ ಓದುಗರ ಪ್ರತಿಕ್ರಿಯೆಯನ್ನು ಪ್ರಕಾಶಕರು ಮೊದಲೇ ಊಹಿಸಿ ಹೆದರಿದ್ದರು. ಫ್ಯಾಂಟಮ್‌ನ ಬೆಂಗಾಲ ದೇಶ ಡೆಂಕಾಲಿಯಾಯಿತು. ಅವನ ತಂದೆಯನ್ನು ಕೊಂದ ರಾಮ ಎಂಬ ಖಳ ರಾಮಾಲು ಆದ. ಸಿಂಗ್ ಕಡಲ್ಗಳ್ಳರು ಸಿಂಗಾ ಆದರು. ರಾಮನನ್ನು ಖಳನೆಂದು ಅಚ್ಚು ಹಾಕಿ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಮಾರಲು ಯಾರಿಗೆ ತಾನೇ ಧೈರ್ಯ ಬಂದೀತು? 1976ರ ಕೊನೆಗೆ ಆಬಿದ್ ಸೂರ್ತಿ ಅವರ ಬಹಾದ್ದೂರ್ ಬಂದ, ಕೇಸರಿ ಕುರ್ತಾ, ನೀಲಿ ಜೀನ್ಸ್ ಹಾಕಿಕೊಂಡು. ಡಕಾಯಿತನ ಮಗ. ತಂದೆಯನ್ನು ಕೊಂದ ಪೊಲೀಸ್ ಅಧಿಕಾರಿಯೇ ಸಾಕಿ ಬೆಳೆಸಿದ ಹುಡುಗ. ಊರಿನವರನ್ನು ಸೇರಿಸಿ ರಕ್ಷಣಾ ದಳ ಕಟ್ಟುತ್ತಾನೆ. ಉಂಗುರ ಇಲ್ಲ, ಹಾರುವುದಿಲ್ಲ, ಆದರೂ ಅದು ತಂಡವೇ.

ನಮ್ಮ ಕಡೆ ಈ ಪುಸ್ತಕಗಳು ಇರುತ್ತಿದ್ದ ಜಾಗ ಕೊಬ್ಬರಿ ಅಟ್ಟ. ಉಂಡೆ ಕೊಬ್ಬರಿಗೆ ಸಿಪ್ಪೆ ಸುಲಿಯದ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ಯಾರೂ ಮೇಲೆ ಹತ್ತಿ ಕೆದಕುವುದಿಲ್ಲ. ಶಾಲೆಯ ಪುಸ್ತಕದ ನಡುವೆ ಕಾಮಿಕ್ಸ್ ಸಿಕ್ಕಿಬಿದ್ದರೆ ಒಲೆಗೆ ಹೋಗುತ್ತಿದ್ದ ಕಾಲದಲ್ಲಿ ಅದಕ್ಕಿಂತ ಭದ್ರವಾದ ಲೈಬ್ರರಿ ಎಲ್ಲಿ? ದಿನಕ್ಕಿಷ್ಟು ಎಂದು ಬಾಡಿಗೆಗೆ ತಂದದ್ದು, ನೆಂಟರ ಮನೆಯಿಂದ ಎಗರಿಸಿದ್ದು, ‘ಸುಧಾ’ ವಾರಪತ್ರಿಕೆಯಿಂದ ಫ್ಯಾಂಟಮ್ ಪುಟಗಳನ್ನು ಕತ್ತರಿಸಿ ದಬ್ಬಳದಲ್ಲಿ ಹೊಲಿದದ್ದು, ಎಲ್ಲ ಮೇಲೆ ಹೋಗುತ್ತಿದ್ದವು. ಕೆಳಗಿನ ಒಲೆಯ ಹೊಗೆ, ಕಾಯಿಯ ಜಿಡ್ಡು ಸೇರಿ ಹಾಳೆಗೆ ಒಂದು ಕಮಟು ವಾಸನೆ. ಹೊಲಿದ ಪುಟಗಳ ಅಂಚಿನಲ್ಲಿ ಪೆನ್ಸಿಲ್ಲಿನ ಷರಾ: ‘ಇದು ಮೋಸ’, ‘ಲೋಥಾರ್‌ನ ಬಿಟ್ಟಿದ್ರೆ ಗೆಲ್ತಿದ್ದ’, ‘ಮುಂದಿಂದು ಯಾರ ಹತ್ರ ಐತೆ?’ ವಾಚಕರ ಪತ್ರ ಎಂದರೆ ಅದೇ, ಅಂಚೆಗೆ ಬೀಳದ್ದು. ಅಮೆರಿಕದಲ್ಲಿ ಮೂವರು ಅಣ್ಣತಮ್ಮಂದಿರಿಗೆ ತೀರಿಕೊಂಡ ತಾಯಿಯ ಅಟ್ಟದಲ್ಲಿ ಸೂಪರ್‌ಮ್ಯಾನ್‌ನ ಮೊದಲ ಸಂಚಿಕೆ ಸಿಕ್ಕಿ, ಅದು 2025ರ ನವೆಂಬರ್‌ನಲ್ಲಿ 91.2 ಲಕ್ಷ ಡಾಲರಿಗೆ ಹರಾಜಾಯಿತಂತೆ. ನಮ್ಮ ಅಟ್ಟದವನ್ನು ಇಲಿ ತಿಂದವು, ಉಳಿದವು ಕಾಯಿ ಇಳಿಸುವ ದಿನ ಗುಡಿಸಿಕೊಂಡು ಹೋದವು.

ಫ್ಯಾಂಟಮ್‌ನನ್ನು ಸೃಷ್ಟಿಸಿದ ಲೀ ಫಾಕ್‌ನ ವೀರರು ಒಂದೇ ಚಪ್ಪರದಡಿ ಸೇರಿದ ಕಥೆಯೊಂದಿದೆ, 1977ರ ಫ್ಯಾಂಟಮ್ ಮದುವೆ. ಡಯಾನಾ ಕೈ ಹಿಡಿಯುವ ದಿನ ಮಾಂತ್ರಿಕ ಮ್ಯಾಂಡ್ರೇಕ್, ಅವನ ಜೊತೆಗಾರ ಲೋಥಾರ್, ಗೆಳತಿ ನಾರ್ಡಾ ಎಲ್ಲ ಅತಿಥಿಗಳು. ನಾನು ಚಿಕ್ಕವನಿದ್ದಾಗ ಅದರ ಬಗ್ಗೆ ಕೇಳಿದ ಟೀಕೆ ಹೊಡೆದಾಟ ಇಲ್ಲ ಎಂಬುದಲ್ಲ. ಇಷ್ಟು ಜನ ಬಲಶಾಲಿಗಳು ಸೇರಿದ ಮೇಲೆ ಬಡಿಸಿದವರು ಯಾರು, ಅಷ್ಟು ದೂರದಿಂದ ಬಂದ ಮ್ಯಾಂಡ್ರೇಕ್‌ಗೆ ಯಾಕೆ ಒಂದು ಆಟ ತೋರಿಸಲು ಬಿಡಲಿಲ್ಲ ಎಂಬುದು. ಅಲ್ಲೂ ಅದೇ ಪಾಲಿನ ಲೆಕ್ಕ. ಮುಂದೆ 1986ರಲ್ಲಿ ಫ್ಯಾಂಟಮ್, ಮ್ಯಾಂಡ್ರೇಕ್, ಲೋಥಾರ್, ಫ್ಲ್ಯಾಶ್ ಗಾರ್ಡನ್ ಸೇರಿ ‘ಡಿಫೆಂಡರ್ಸ್ ಆಫ್ ದಿ ಅರ್ತ್’ ಎಂಬ ಟಿ.ವಿ. ಕಾರ್ಟೂನಿನಲ್ಲಿ ನಿಜವಾದ ತಂಡವೇ ಆದರು. ಅಷ್ಟು ಹೊತ್ತಿಗೆ ನಮ್ಮ ಮಕ್ಕಳ ಕೈಗೆ ಬಾಲಮಂಗಳ ಪತ್ರಿಕೆ ಬಂದಿತ್ತು, ಅದರಲ್ಲಿ ಡಿಂಗ ಎಂಬ ಇಲಿ. ಅವನಿಗೆ ತಂಡ ಬೇಕಿರಲಿಲ್ಲ. ಮಲಯಾಳದಲ್ಲಿ ಅವನನ್ನು ಓದಿ ಬೆಳೆದವರಂತೂ ದೊಡ್ಡವರಾದ ಮೇಲೆ ತಮಾಷೆಗೆ ಅವನ ಹೆಸರಲ್ಲಿ ಒಂದು ಮತವನ್ನೇ ಕಟ್ಟಿದರು.

ಆ ಬೇಸಿಗೆಯಲ್ಲೇ ಒಂದು ಭಾನುವಾರ ಮಕ್ಕಳನ್ನು ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿಯ ಕಲ್ಲೇಶ್ವರ ಗುಡಿ ಒಂಬತ್ತನೆಯ ಶತಮಾನದ ಕೆಲಸ. ಮಂಟಪದ ನಡುವೆ ನಿಂತು ಕತ್ತೆತ್ತಿದರೆ ಚಾವಣಿಯಲ್ಲಿ ಚೌಕಟ್ಟು ಹಾಕಿದಂತೆ ಒಂಬತ್ತು ಅಂಕಣ, ಕಾಮಿಕ್ಸ್ ಪುಟದ ಹಾಗೇ. ನಡುವೆ ವಾದ್ಯಗಾರರ ಜೊತೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಕಿನ ಒಡೆಯರು, ಒಬ್ಬೊಬ್ಬರು ಅವರವರ ವಾಹನದ ಮೇಲೆ. ಆನೆಯ ಇಂದ್ರ, ಟಗರಿನ ಅಗ್ನಿ, ಕೋಣದ ಯಮ, ನರವಾಹನ ನಿರುತಿ, ಮೊಸಳೆಯ ವರುಣ, ಜಿಂಕೆಯ ವಾಯು, ಕುಬೇರ, ಎತ್ತಿನ ಈಶಾನ. ಒಬ್ಬರದು ಇನ್ನೊಬ್ಬರಿಗೆ ತಾಗದ ಹಾಗೆ ಒಬ್ಬೊಬ್ಬರಿಗೆ ಒಂದು ದಿಕ್ಕು, ಒಂದು ಅಂಕಣ. ಹುಡುಗ ಯಾರ ಶಕ್ತಿ ಏನು ಎಂದು ಪಟ್ಟಿ ಮಾಡಲು ಶುರು ಮಾಡಿದ. ಮನುಷ್ಯನ ಮೇಲೆ ಕೂತವನನ್ನು ತಂಡಕ್ಕೆ ಸೇರಿಸಬಾರದು ಎಂದು ತಕರಾರು ತೆಗೆದ. ತಂಗಿ ಕತ್ತು ನೋಯುವವರೆಗೆ ಮೇಲೆ ನೋಡಿ ಇಡೀ ಸಂಚಿಕೆಯ ಮೇಲೆ ತನ್ನ ಅಭಿಪ್ರಾಯ ಕೊಟ್ಟಳು.

“ಸುತ್ತ ಇರೋ ಎಂಟು ಜನ ಕಾಯ್ತವ್ರೆ. ಮಧ್ಯದಾಗಿರೋನು ಬರೀ ಕುಣೀತವ್ನೆ.”

“ಅವನು ಅಧ್ಯಕ್ಷ ಕಣವ್ವ” ಅಂದರು ಮಾವ.